ಮೊದಲ ಮುದ್ರಣದ ಬೆನ್ನು ಹತ್ತಿ

11 ಮೇ 2025, ಭಾನುವಾರ. ಹೋಳೂರು

ಗುಜರಿ ಸಾಬರ ಫೋನು ಬಂದದ್ದು ಶುಕ್ರವಾರ. "ಸೆಕ್ರೆಟ್ರಿ ಸಾರ್, ಹಳದಿ ಹಾಳೇದು ಒಂದು ಮೂಟೆ ಬಂದೈತೆ. ಸೋಮವಾರ ಲೋಡು ಹೋಗ್ಬಿಡ್ತದೆ, ಬಂದು ನೋಡ್ಕೊಳ್ಳಿ." ಹಾಲಿನ ಡೈರಿಯವನಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಹಸುವಿಗೆ ರಜೆ ಇಲ್ಲವಲ್ಲ. ಬೆಳಗಿನ ಹಾಲು ಅಳೆದು, ಫ್ಯಾಟು ಬರೆದು, ಕ್ಯಾನುಗಳನ್ನು ವ್ಯಾನಿಗೆ ಹತ್ತಿಸಿ ಕೋಲಾರದ ಬಸ್ಸು ಹಿಡಿದೆ. ಸಂಜೆಯ ಹಾಲಿಗೆ ವಾಪಸ್ಸಾಗಬೇಕು. ನನ್ನ ಪುಸ್ತಕದ ಬೇಟೆಯೆಲ್ಲ ಈ ಎರಡು ಹಾಲಿನ ನಡುವೆಯೇ.

ಮೂಟೆಯಲ್ಲಿ ಮುಕ್ಕಾಲು ಪಾಲು ಪಿಯುಸಿ ಗೈಡುಗಳು, ಹಳೇ ಸುಧಾ, ತೆಲುಗು ಚಂದಮಾಮ. ತಳದಲ್ಲಿ ರಟ್ಟು ಕಳಚಿಕೊಂಡ ದಪ್ಪನೆಯ ಪುಸ್ತಕ. ಮೊದಲ ಹಾಳೆಗಳೇ ಇಲ್ಲ. ನಿಂತಲ್ಲೇ ಎರಡು ಪುಟ ಓದಿದೆ. ಕೊಡಗು, ರಾಜ, ಬಸವ. ಚಿಕವೀರ ರಾಜೇಂದ್ರ!

ಹೆಸರು ತಿಳಿಯಿತು, ಮುದ್ರಣ ತಿಳಿಯಬೇಡವೆ? ಈ ಕಾದಂಬರಿಗಾಗಿ ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂತು. ಆಮೇಲೆ ಅಚ್ಚಾದ ಪ್ರತಿಗಳು ಹುಡುಕಿದರೆ ಎಲ್ಲಾದರೂ ಸಿಗುತ್ತವೆ. ಮೊದಲು ಹೊರಬಂದದ್ದು 1956ರಲ್ಲಿ. ಹಾಳೆಯ ಹಿಂಬದಿಗೆ ಬೆರಳಾಡಿಸಿದೆ. ಅಚ್ಚಿನ ಮೊಳೆ ಒತ್ತಿದ ಉಬ್ಬು ಸಣ್ಣಗೆ ಸಿಕ್ಕಿತು. ಆಫ್‌ಸೆಟ್ ಅಲ್ಲ ಅಂದಹಾಗಾಯಿತು. ಆದರೆ ಮೊಳೆಯಚ್ಚು ನಾನು ಹೈಸ್ಕೂಲು ಓದುವಾಗಲೂ ಇತ್ತು, ಅದೊಂದೇ ಸಾಲದು. ಕೊನೆಯ ಹಾಳೆ ತಿರುಗಿಸಿದರೆ ಯಾವುದೋ ವಾಚನಾಲಯದ ಚೀಟಿ ಅಂಟಿಸಿದೆ. ನೇರಳೆ ಶಾಯಿಯಲ್ಲಿ ತಾರೀಕಿನ ಮೊಹರುಗಳ ಸಾಲು. ಎಲ್ಲಕ್ಕೂ ಮೇಲಿನದು ಫೆಬ್ರವರಿ 1957. ಅಷ್ಟು ದಪ್ಪದ ಕಾದಂಬರಿ ವರ್ಷ ತುಂಬುವುದರೊಳಗೆ ಎರಡನೇ ಸಲ ಅಚ್ಚಾಗುವುದು ನಮ್ಮಲ್ಲಿ ಆಗದ ಮಾತು. ಕೈ ಸ್ವಲ್ಪ ನಡುಗಿತು, ಸಾಬರಿಗೆ ಕಾಣಲಿಲ್ಲ ಅಂದುಕೊಂಡಿದ್ದೇನೆ.

ಕಂಡಿರಬೇಕು. ತೂಕದ ದುಡ್ಡಿನ ಮೇಲೆ ನೂರು ರೂಪಾಯಿ ಇಟ್ಟಾಗ "ಒಳಗೆ ಚಿನ್ನಗಿನ್ನ ಐತಾ ಸಾರ್" ಎಂದು ಪುಸ್ತಕವನ್ನು ಒಂದು ಸಲ ಒದರಿ ನೋಡಿಯೇ ಕೊಟ್ಟರು.

14 ಮೇ, ಬುಧವಾರ

ಆ ಚೀಟಿಯ ಮೇಲೆಯೇ ಕಣ್ಣು. ಮೊಹರುಗಳು ಅರವತ್ತರ ದಶಕದವರೆಗೂ ಬಂದಿವೆ. ಕೆಲವು ತಿಂಗಳು ವಾರಕ್ಕೊಂದು. ಪುಟಗಳ ಕೆಳಗಿನ ಬಲಮೂಲೆ, ಬೆರಳು ಹಾಕಿ ತಿರುಗಿಸುವ ಜಾಗ, ಕೊನೆಯವರೆಗೂ ಕಪ್ಪಾಗಿದೆ. ಅಂದರೆ ಅರ್ಧಕ್ಕೆ ಬಿಟ್ಟವರು ಕಡಿಮೆ. ಒಂದು ಕಡೆ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ "ಪಾಪ, ರಾಣಿ!" ಎಂದಿದೆ. ಅದರ ಕೆಳಗೆ ಇನ್ನೊಬ್ಬರು ಮಸಿಯಲ್ಲಿ "ಪುಸ್ತಕದಲ್ಲಿ ಬರೆಯಬೇಡಿ" ಎಂದು ಬರೆದಿದ್ದಾರೆ.

ಒಂದು ಸಂಗತಿ ಇವತ್ತು ಹೊಳೆಯಿತು. 1834ರಲ್ಲಿ ಇಂಗ್ಲಿಷರು ಚಿಕವೀರ ರಾಜನನ್ನು ಗದ್ದುಗೆಯಿಂದ ಇಳಿಸಿ ಕೊಡಗನ್ನು ತೆಗೆದುಕೊಂಡರು. ಅದೇ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕಾದಂಬರಿಯೂ ಅದೇ ವರ್ಷದ್ದು. ಫೆಬ್ರವರಿಯಲ್ಲಿ ಈ ಪ್ರತಿಯನ್ನು ಮೊದಲು ಮನೆಗೆ ಒಯ್ದ ಪುಣ್ಯಾತ್ಮನಿಗೆ ಕೊಡಗು ನಕ್ಷೆಯಲ್ಲಿ ಹೊಸದಾಗಿ ಸೇರಿಕೊಂಡ ನೆಂಟ. ರಾಜ್ಯವೊಂದು ಕೈಬಿಟ್ಟುಹೋದ ಕತೆಯನ್ನು ಅವನು ಆ ಬಿಸಿಯಲ್ಲೇ ಓದಿದ್ದಾನೆ. ನಾನು ಕಾಲೇಜಿನಲ್ಲಿ ಓದುವಾಗ ಅದು ಜ್ಞಾನಪೀಠದ ಪುಸ್ತಕ, ಪರೀಕ್ಷೆಗೆ ಬರುವ ಪುಸ್ತಕ.

18 ಮೇ, ಭಾನುವಾರ

ಭಾಮೈದ ಬಂದಿದ್ದ. ಕಪಾಟು ನೋಡಿ, "ಹೊಸದು ಅಂಗಡೀಲಿ ಗರಿಗರಿಯಾಗಿ ಸಿಗ್ತದಲ್ಲ ಭಾವ. ಈ ಧೂಳು ಯಾಕೆ ಮನೆಗೆ ತಂದು ಅಕ್ಕನಿಗೆ ಕೆಮ್ಮು ಬರಿಸ್ತೀರಿ" ಎಂದ. ಅಕ್ಕ ಒಳಗಿಂದ ಸರಿಯಾಗಿ ಆಗಲೇ ಕೆಮ್ಮಿದಳು.

ಹೊಸದರಲ್ಲಿ ಇಲ್ಲದ್ದು ಹಳೆಯದರಲ್ಲಿ ಇರುತ್ತದೆ ಅಂದೆ. ಕುವೆಂಪು ಅವರ ಕಾದಂಬರಿ 1936ರಲ್ಲಿ ಬಂದಾಗ ಅದರ ಹೆಸರು 'ಕಾನೂರು ಸುಬ್ಬಮ್ಮ ಹೆಗ್ಗಡಿತಿ'. ಆಮೇಲಿನ ಮುದ್ರಣಗಳಲ್ಲಿ ಸುಬ್ಬಮ್ಮ ಮರೆಯಾಗಿ ಕಾನೂರು ಹೆಗ್ಗಡಿತಿ ಮಾತ್ರ ಉಳಿದಳು. ಬೆಲೆಯನ್ನೇ ನೋಡು, ರೂಪಾಯಿ, ಆಣೆ, ಪೈ ಅಂತ ಮೂರು ಮನೆ ಇದ್ದರೆ ಪುಸ್ತಕ 1957ರ ಏಪ್ರಿಲ್‌ಗೆ ಮುಂಚಿನದು, ನಯಾಪೈಸೆ ಬಂದದ್ದೇ ಆಗ. ಹಿಂದಿನ ಹಾಳೆಯ ಜಾಹೀರಾತು ನೋಡು, ಆ ಪ್ರಕಾಶಕ ಇನ್ನೇನು ತಂದಿದ್ದ, ಯಾವುದು ಅಚ್ಚಿನಲ್ಲಿತ್ತು, ಯಾವುದು ಬರಲೇ ಇಲ್ಲ, ಎಲ್ಲ ಗೊತ್ತಾಗುತ್ತದೆ. ಮರುಮುದ್ರಣದವರು ಮೊದಲು ಕಿತ್ತೆಸೆಯುವುದು ಇವನ್ನೇ.

"ಸುಬ್ಬಮ್ಮ ಇದಾಳಾ ನಿಮ್ಮ ಹತ್ರ?" ಎಂದ. ಇಲ್ಲ. ಇದ್ದಿದ್ದರೆ ಇಷ್ಟು ಹೊತ್ತು ಮಾತಾಡುತ್ತಿದ್ದೆನೆ, ಎದುರಿಗೇ ಇಡುತ್ತಿದ್ದೆ.

ಅವನು ಹೋದಮೇಲೂ ಅದೇ ಯೋಚನೆ. ಕನ್ನಡ ಕಾದಂಬರಿಯ ಮೊದಲ ಮುದ್ರಣಗಳು ಯಾಕಿಷ್ಟು ಅಪರೂಪ? ಗೆದ್ದಲು, ಮಳೆ, ಗುಜರಿ ಎಂದೆಲ್ಲ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಓದು. ನಮ್ಮಲ್ಲಿ ಕಾದಂಬರಿ ಕೊಂಡವರಿಗಿಂತ ಕಡ ತಂದವರು ಹೆಚ್ಚು. ವಾಚನಾಲಯ, ಬಾಡಿಗೆ ಲೈಬ್ರರಿ, ಪಕ್ಕದ ಮನೆ. ಒಂದು ಪ್ರತಿ ಇಡೀ ಬೀದಿ ಸುತ್ತಿ, ಹೊಲಿಗೆ ಬಿಚ್ಚಿ, ಕೊನೆಗೆ ಕಡಲೆಕಾಯಿ ಪೊಟ್ಟಣವಾಗುತ್ತಿತ್ತು. ಇಂಗ್ಲೆಂಡಿನಲ್ಲೂ ಇದೇ ಕತೆ ನಡೆದಿದೆ. ವಿಕ್ಟೋರಿಯಾ ಕಾಲದಲ್ಲಿ ಕಾದಂಬರಿ ಮೂರು ಸಂಪುಟವಾಗಿ ಬರುತ್ತಿತ್ತು. ಮೂವತ್ತೊಂದೂವರೆ ಶಿಲ್ಲಿಂಗ್ ಕೊಟ್ಟು ಕೊಳ್ಳುವವರು ಯಾರು? ಮ್ಯೂಡಿ ಎಂಬಾತ 1842ರಲ್ಲಿ ಶುರುಮಾಡಿದ ಬಾಡಿಗೆ ಲೈಬ್ರರಿಯಂಥವು ಸಗಟಾಗಿ ಕೊಂಡು ಊರೂರಿಗೆ ಸುತ್ತಿಸುತ್ತಿದ್ದವು. ಮೈ ಕೆಡದ ಪ್ರತಿ ಇವತ್ತು ಅಲ್ಲೂ ದುರ್ಲಭ. ಮೈಕೆಲ್ ಸ್ಯಾಡ್ಲಿಯರ್ ಎಂಬ ಪ್ರಕಾಶಕ ಅಂಥವನ್ನೇ ಹುಡುಕಿ ಹುಡುಕಿ ಕೂಡಿಹಾಕಿ, 1951ರಲ್ಲಿ ಅದರ ಪಟ್ಟಿಯನ್ನೇ ಎರಡು ಸಂಪುಟ ಮಾಡಿದ. ಹಾಗಾದರೆ ಚೆನ್ನಾಗಿ ಉಳಿದಿರುವ ಪ್ರತಿ ಅಂದರೆ ಯಾರೂ ಓದದ ಪ್ರತಿ ಅಂತಾಯಿತಲ್ಲ. ನಾವು ಸಂಗ್ರಹಿಸುವವರು ಹುಡುಕುವುದು ಅದನ್ನೇನಾ?

21 ಮೇ, ಬುಧವಾರ

ಬೆಳಿಗ್ಗೆ ಹಾಲು ಹಾಕಲು ಬಂದ ಕಾಲೇಜು ಹುಡುಗಿ ಫೋನು ತೋರಿಸಿದಳು. ಬಾನು ಮುಷ್ತಾಕ್ ಅವರಿಗೆ, ಅನುವಾದಿಸಿದ ದೀಪಾ ಭಾಸ್ತಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್. ಸರತಿಯಲ್ಲಿದ್ದವರಿಗೆಲ್ಲ ಹೇಳಿದೆ. "ಹಾಸನದವರಾ? ಹಾಸನದಾಗೆ ಹಾಲಿಗೆ ಎಷ್ಟು ಕೊಡ್ತಾರಂತೆ?" ಎಂದರು ಒಬ್ಬರು.

ಕತೆಗಳು, ಕಾದಂಬರಿಯಲ್ಲ, ನನ್ನ ಕಪಾಟಿನ ನಿಯಮಕ್ಕೆ ಹೊರಗು. ಆದರೂ ಸಾಬರಿಗೆ ಫೋನು ಮಾಡಿ ಆ ಹೆಸರಿನ ಹಳೇ ಸಂಕಲನ ಬಂದರೆ ಎತ್ತಿಡಿ ಎಂದೆ. ಎರಡು ವರ್ಷ ಹೋಗಲಿ, ಎಲ್ಲರೂ ಹುಡುಕುತ್ತಾರೆ.

25 ಮೇ, ಭಾನುವಾರ

ಚಿಕವೀರನನ್ನು ಬೈಂಡರ್ ಹತ್ತಿರ ಒಯ್ದೆ. ಇವರು ಆಫೀಸಿನ ರಿಜಿಸ್ಟರು ಕಟ್ಟುವವರು, ಕಾದಂಬರಿ ಎಂದರೆ ಮುಖ ಸಿಂಡರಿಸುತ್ತಾರೆ, ಆದರೆ ಕೈ ಒಳ್ಳೆಯದು. ಮೊದಲೇ ಕರಾರು ಮಾಡಿಕೊಂಡೆ: ಕಟಿಂಗ್ ಮಿಷನ್ನಿಗೆ ಕೊಡಬಾರದು. ಹಿಂದೊಮ್ಮೆ ಬೇರೊಬ್ಬರಿಗೆ ಕೊಟ್ಟಿದ್ದಾಗ ಮೂರು ಕಡೆಯೂ ನುಣ್ಣಗೆ ಕತ್ತರಿಸಿ, ಅಂಚಿನಲ್ಲಿದ್ದ ಟಿಪ್ಪಣಿಗಳ ತಲೆ ಹಾರಿಸಿ, "ನೋಡಿ ಸಾರ್, ಹೊಸದರ ಥರಾ ಮಾಡಿದೀನಿ" ಎಂದು ಕೊಟ್ಟಿದ್ದರು. ಸೆಲೋಟೇಪೂ ಬೇಡ. ಹತ್ತು ವರ್ಷಕ್ಕೆ ಅಂಟು ಕಂದಾಗಿ ಹಾಳೆಯೊಳಕ್ಕೆ ಇಳಿಯುತ್ತದೆ.

ಅವರು ಫಾರ್ಮುಗಳನ್ನು ಒಂದೊಂದಾಗಿ ಬಿಡಿಸಿದರು. ಹಳೆಯ ಅಂಟನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಚಾಕುವಿನ ಬೆನ್ನಿನಿಂದ ಕೆರೆದರು. ಮೈದಾ ಕುದಿಸಿದ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರು, ಹುಳ ಬರದ ಹಾಗೆ. ಮೈದಾ ಬರೀ ಮೈದಾ ಆದರೆ ಬೆಳ್ಳಿಹುಳಕ್ಕೆ ನಾವೇ ಊಟ ಬಡಿಸಿದ ಲೆಕ್ಕ. ನಡುವೆ ಒಂದು ಹಾಳೆ ಮಡಿಕೆಯಲ್ಲೇ ಮುರಿಯಿತು. ಹರಿಯಲಿಲ್ಲ, ಹಪ್ಪಳದ ಹಾಗೆ ಮುರಿಯಿತು.

ಆ ಕಾಲದ ಕಾಗದದ ಹಣೆಬರಹವೇ ಅದು. ಚಿಂದಿಬಟ್ಟೆಯಿಂದ ಮಾಡಿದ ಕಾಗದ ಇನ್ನೂರು ವರ್ಷ ಬಾಳುತ್ತದೆ. ಮರದ ತಿರುಳಿನದರಲ್ಲಿ ಲಿಗ್ನಿನ್ ಇರುತ್ತದೆ, ಶಾಯಿ ಹರಡದಿರಲೆಂದು ಹಾಕಿದ ಪಟಕ ಇರುತ್ತದೆ. ಎರಡೂ ಸೇರಿ ಕಾಗದವನ್ನು ಹುಳಿ ಹಿಡಿಸಿ, ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಪುಡಿ. ಮಹಾಯುದ್ಧದ ಬರಗಾಲದಲ್ಲಿ ಸಿಕ್ಕಿದ ಕಾಗದಕ್ಕೆ ಅಚ್ಚು ಹಾಕಿದ ನಲವತ್ತರ ದಶಕದ ಕಾದಂಬರಿಗಳಂತೂ ಮುಟ್ಟಿದರೆ ಉದುರುತ್ತವೆ.

ಇದೇ ಕಾಗದ ಸುಳ್ಳನ್ನೂ ಹಿಡಿದುಕೊಡುತ್ತದೆ. ಲಂಡನ್ನಿನಲ್ಲಿ ಥಾಮಸ್ ವೈಸ್ ಎಂಬ ದೊಡ್ಡ ಸಂಗ್ರಾಹಕ ಇದ್ದ. ಹೆಸರಾಂತ ಕವಿಗಳ ಅಪರೂಪದ ಮೊದಲ ಮುದ್ರಣ ಎಂದು ಅವನು ಹಬ್ಬಿಸಿದ್ದ ಕಿರುಹೊತ್ತಿಗೆಗಳನ್ನು 1934ರಲ್ಲಿ ಕಾರ್ಟರ್, ಪೊಲ್ಲಾರ್ಡ್ ಎಂಬ ಇಬ್ಬರು ತರುಣರು ಪರೀಕ್ಷಿಸಿದರು. ಪುಸ್ತಕದ ಮೇಲಿನ ಇಸವಿಯಲ್ಲಿ ಆ ಬಗೆಯ ಕಾಗದವೇ ತಯಾರಾಗುತ್ತಿರಲಿಲ್ಲ! ಹಾಲಿಗೆ ಎಷ್ಟು ನಾಜೂಕಾಗಿ ನೀರು ಬೆರೆಸಿದ್ದರೂ ಲ್ಯಾಕ್ಟೋಮೀಟರು ಮುಳುಗುತ್ತದಲ್ಲ, ಹಾಗಾಯಿತು. ಬೈಂಡರಿಗೆ ಹೇಳಿದೆ, ಬಹಳ ಖುಷಿಪಟ್ಟರು. "ನಮ್ಮಲ್ಲೂ ಮಾಡ್ತಾರಾ ಸಾರ್?" ಎಂದರು. ಕನ್ನಡ ಕಾದಂಬರಿಗೆ ಇನ್ನೂ ನಕಲಿ ಮಾಡುವಷ್ಟು ಬೆಲೆ ಬಂದಿಲ್ಲ ಎಂದೆ.

6 ಜೂನ್, ಶುಕ್ರವಾರ

ಮಾಸ್ತಿಯವರು ಹುಟ್ಟಿದ ದಿನ, ಹೋದ ದಿನ, ಎರಡೂ ಇವತ್ತೇ: 1891, 1986. ಮಾಲೂರು ತಾಲ್ಲೂಕಿನ ಮಾಸ್ತಿಗೆ ಹೋಗಬೇಕೆಂದಿದ್ದೆ. ಅಲ್ಲಿ ಅವರ ಹಳೆಯ ಮನೆ ಈಗ ಗ್ರಂಥಾಲಯ. ಟೆಸ್ಟರ್ ಹುಡುಗ ಮದುವೆಗೆ ಹೋದ, ಆಗಲಿಲ್ಲ. ಡೈರಿಯ ಬಾಗಿಲಲ್ಲೇ ಕುಳಿತು ಬರೆಯುತ್ತಿದ್ದೇನೆ.

ಅವರು ಬರೆದು ಸುಮ್ಮನಾದವರಲ್ಲ. ಅಬ್ಕಾರಿ ಇಲಾಖೆಯ ದೊಡ್ಡ ಹುದ್ದೆ ಬಿಟ್ಟು ಬಂದು 1944ರಿಂದ 'ಜೀವನ' ಪತ್ರಿಕೆ ನಡೆಸಿದರು, ಜೀವನ ಕಾರ್ಯಾಲಯದಿಂದ ತಮ್ಮ ಪುಸ್ತಕ ತಾವೇ ಹಾಕಿದರು. ಆ ಕಾಲದ ಲೇಖಕರ ಪಾಡೇ ಅದು. ಗಳಗನಾಥರು ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಇಟ್ಟವರು. ಹೀಗೆ ಅಚ್ಚಾದ ಪುಸ್ತಕದಲ್ಲಿ ಲೇಖಕನ ಕಿಸೆಯೂ ಇರುತ್ತದೆ. ಗೋದಾಮಿನಲ್ಲಿ ಉಳಿದದ್ದು ಅವನ ಮನೆಯ ಅಟ್ಟದಲ್ಲೇ ಉಳಿಯುವುದು.

ನನ್ನದು ಚಿಕ್ಕ ಹಟ. ಕೋಲಾರ ಸೀಮೆಯಲ್ಲಿ ಹುಟ್ಟಿದವರ ಕಾದಂಬರಿಗಳು, ಮೊದಲ ಮುದ್ರಣದಲ್ಲೇ ಆಗಬೇಕು. ಮಾಸ್ತಿಯವರು ಒಬ್ಬರು. ಅ.ನ.ಕೃ. ಇನ್ನೊಬ್ಬರು. ಹೆಸರಿನಲ್ಲಿ ಅರಕಲಗೂಡು ಇದ್ದರೂ 1908ರಲ್ಲಿ ಹುಟ್ಟಿದ್ದು ನಮ್ಮ ಕೋಲಾರದಲ್ಲಿ. ನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು, ಒಂದೊಂದೂ ಬಾಡಿಗೆ ಲೈಬ್ರರಿಗಳಲ್ಲಿ ಸವೆದು ಚಿಂದಿಯಾಯಿತು. 'ಸಂಧ್ಯಾರಾಗ' 1935ರದ್ದು ನಾನು ಕಣ್ಣಲ್ಲಿ ಕಂಡಿಲ್ಲ. ಮೂರನೆಯವರು ಕೆ.ವಿ. ಅಯ್ಯರ್, ಹೆಸರಲ್ಲೇ 'ಕೋಲಾರ ವೆಂಕಟೇಶ' ಇದೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ಕಟ್ಟಿ, ಅಂಚೆಯಲ್ಲೂ ದೇಹದಾರ್ಢ್ಯದ ಪಾಠ ಹೇಳಿಕೊಟ್ಟ ಪೈಲ್ವಾನರು 'ರೂಪದರ್ಶಿ', 'ಶಾಂತಲಾ' ಬರೆದರು ಎಂದರೆ ಇವತ್ತಿನ ಜಿಮ್ಮಿನ ಹುಡುಗರು ನಂಬುವುದಿಲ್ಲ.

15 ಜೂನ್, ಭಾನುವಾರ

ಶ್ರೀನಿವಾಸಪುರ. ರಸ್ತೆಯುದ್ದಕ್ಕೂ ತೋತಾಪುರಿ ಲೋಡುಗಳು ನಿಂತಿವೆ. ಚಿತ್ತೂರಿನ ಕಡೆ ನಮ್ಮ ಕಾಯಿ ಬಿಡುತ್ತಿಲ್ಲ, ರೇಟು ಬಿದ್ದುಹೋಗಿದೆ. ಗುಜರಿಯಲ್ಲಿ ಕಾಗದಕ್ಕೆ ಕೇಜಿಗೆ ಸಿಗುವಷ್ಟು ದುಡ್ಡು ಮಾವಿಗೆ ಸಿಗುತ್ತಿಲ್ಲ. ಬಸ್ಸಿನಲ್ಲಿ ಅದೇ ಮಾತು, ಅದೇ ಬೈಗುಳ.

ಹೋದದ್ದು ಒಬ್ಬ ಅಜ್ಜಿಯ ಮನೆಗೆ. ಯಜಮಾನರು ತೀರಿಕೊಂಡು ಬಹಳ ವರ್ಷ. ಮಕ್ಕಳು ಮನೆ ಕೆಡವಿ ಕಟ್ಟುತ್ತಾರಂತೆ, ಬೀರು ಖಾಲಿಯಾಗಬೇಕು. ಬೀರು ತೆಗೆದರೆ ಬಜೆಯ ಘಾಟು ಮೂಗಿಗೆ ಹೊಡೆಯಿತು, ಪ್ರತಿ ಅರೆಯಲ್ಲೂ ಒಣಗಿದ ಬಜೆ ಬೇರಿನ ತುಂಡುಗಳು. ಹುಳ ಒಂದೂ ಇಲ್ಲ. ಮೇಲಿನ ಅರೆಯಲ್ಲಿ ಕೆ.ವಿ. ಅಯ್ಯರ್ ಅವರ ಸೂರ್ಯನಮಸ್ಕಾರದ ಇಂಗ್ಲಿಷ್ ಪುಸ್ತಕ, ಪುಟ ಪುಟಕ್ಕೂ ಗೆರೆ. ಪಕ್ಕದಲ್ಲೇ ರೂಪದರ್ಶಿ, 1950, ಮೊದಲನೆಯ ಮುದ್ರಣ, ಮೇಲುಹೊದಿಕೆ ಸಮೇತ!

"ಆಯನ ಅವರ ಶಿಷ್ಯರು, ಪೋಸ್ಟಿನಲ್ಲಿ ಪಾಠ ಬರ್ತಿತ್ತು" ಎಂದರು ಅಜ್ಜಿ. "ದಿನಾ ಕನ್ನಡಿ ಮುಂದೆ ಕಸರತ್ತು. ಗುರುಗಳು ಕಾದಂಬರಿ ಬರೆದರು ಅಂತ ತರಿಸಿಕೊಂಡರು. ಓದಿದ್ದು ನಾನು ನೋಡಲಿಲ್ಲ." ದುಡ್ಡು ಎಷ್ಟೆಂದರೆ ತಲೆ ಅಲ್ಲಾಡಿಸಿಬಿಟ್ಟರು. "ತೀಸ್ಕೋ ನಾಯ್ನಾ. ಓದೋರ ಕೈಗೆ ಹೋದರೆ ಸಾಕು." ಒತ್ತಾಯ ಮಾಡಿದ್ದಕ್ಕೆ ಮೊಮ್ಮಗಳ ಕೈಗೆ ಕೊಡಲು ಬಿಟ್ಟರು. ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ಎದ್ದೆ.

22 ಜೂನ್, ಭಾನುವಾರ

ವಾರದಿಂದ ಮನೆಯಲ್ಲಿ ಇದೇ ವ್ಯಾಜ್ಯ. ರೂಪದರ್ಶಿಯ ನಡುವೆ ಒಂದು ಫಾರ್ಮು ಬೈಂಡಿಂಗಿನ ಹೊತ್ತಿಗೆ ಕಟ್ಟರಿಗೆ ಸಿಗದೆ ಮೇಲ್ಗಡೆ ಮಡಿಕೆ ಹಾಗೇ ಉಳಿದಿದೆ. ಆ ಪುಟಗಳನ್ನು ಬಿಡಿಸಲು ಆಗುವುದಿಲ್ಲ, ಇಣುಕಬಹುದು ಅಷ್ಟೆ. ಅಂದರೆ ಎಪ್ಪತ್ತೈದು ವರ್ಷದಲ್ಲಿ ಈ ಪ್ರತಿಯನ್ನು ಯಾರೂ ಪೂರ್ತಿ ಓದಿಲ್ಲ ಎನ್ನುವುದಕ್ಕೆ ರುಜುವಾತು. ಸಂಗ್ರಹದವರ ಕಣ್ಣಿನಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟಿಲ್ಲ. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಿದ್ದೆ.

ಇವಳು ಅದನ್ನು ಕೆಳಗಿಳಿಸಿ ಓದಲು ಶುರುಮಾಡಿದ್ದಾಳೆ. ಫ್ಲಾರೆನ್ಸಿನ ಕಲಾವಿದ, ಶಿಶು ಯೇಸುವಿಗೆ ಮಾದರಿಯಾದ ಮಗು, ವರ್ಷಗಳ ಮೇಲೆ ಜೂಡಾಸನ ಮುಖಕ್ಕೆ ಹುಡುಕಾಟ. ನಿನ್ನೆ ರಾತ್ರಿ ಆ ಮಡಿಕೆಯ ಹತ್ತಿರ ಬಂದಳು. "ಚಾಕು ಕೊಡಿ." ಕೊಡಲಿಲ್ಲ. ಬೇರೆ ಪ್ರತಿ ತಂದುಕೊಡುತ್ತೇನೆ, ಒಂದು ವಾರ ತಡಿ ಎಂದೆ. "ಓದೋರ ಕೈಗೆ ಹೋಗಲಿ ಅಂದ್ರಂತೆ ಅಜ್ಜಿ, ನೀವೇ ಹೇಳಿದ್ರಲ್ಲ" ಎಂದಳು. ಬೆಳಗಿನ ಹಾಲು ಮುಗಿಸಿ ಬರುವಷ್ಟರಲ್ಲಿ ತರಕಾರಿ ಹೆಚ್ಚುವ ಚಾಕುವಿನಲ್ಲಿ ಬಿಡಿಸಿ ಮುಂದೆ ಹೋಗಿಬಿಟ್ಟಿದ್ದಳು. ಒಂದು ಪುಟ ಸ್ವಲ್ಪ ಅಡ್ಡಾದಿಡ್ಡಿ ಹರಿದಿದೆ, ಅಕ್ಷರಕ್ಕೇನೂ ಆಗಿಲ್ಲ.

ಮಧ್ಯಾಹ್ನ ಸಿಟ್ಟಿತ್ತು. ರಾತ್ರಿ ನಾನೂ ಓದಿದೆ, ಎರಡರವರೆಗೆ.

29 ಜೂನ್, ಭಾನುವಾರ

ಪಂಚಾಯಿತಿ ಅರಿವು ಕೇಂದ್ರಕ್ಕೆ ಪರೀಕ್ಷೆಗೆ ಓದಲು ಬರುವ ಹುಡುಗನೊಬ್ಬ ಕಪಾಟು ನೋಡಲು ಬಂದಿದ್ದ. ಎಲ್ಲ ಸ್ಕ್ಯಾನ್ ಮಾಡಿ ಹಾಕಿಬಿಡಿ ಸಾರ್, ಬೆಂಗಳೂರಿನಲ್ಲಿ ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಏರಿಸುವ ಸ್ವಯಂಸೇವಕರಿದ್ದಾರೆ ಎಂದ. ಒಳ್ಳೆಯ ಕೆಲಸ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯ, 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚಿನಲ್ಲಿ ಬಂದದ್ದರ, ಮೂಲಪ್ರತಿ ಈ ಜನ್ಮದಲ್ಲಿ ನನ್ನ ಕೈಗೆ ಬರುವುದಿಲ್ಲ. ಪರದೆಯ ಮೇಲಾದರೂ ನೋಡಬಹುದು.

ಆದರೆ ಕಾಯಿದೆ ಇದೆಯಪ್ಪ ಎಂದೆ. ಲೇಖಕ ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ವಾರಸುದಾರರದು. ಗುಲ್ವಾಡಿಯವರು 1913ರಲ್ಲಿ, ಗಳಗನಾಥರು 1942ರಲ್ಲಿ ಹೋದವರು, ತೊಂದರೆಯಿಲ್ಲ. ಅ.ನ.ಕೃ. 1971, ಅವರಿಗೆ 2031ರ ಕೊನೆಯವರೆಗೆ. ಮಾಸ್ತಿಯವರಿಗೆ 2046. "ಅಷ್ಟೊತ್ತಿಗೆ ಈ ಹಾಳೆ ಇರ್ತದಾ ಸಾರ್?" ಎಂದ ಹುಡುಗ. ಈಗಲೇ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳೋಣ, ಏರಿಸುವುದು ಆಮೇಲೆ, ಎಂದು ಒಪ್ಪಂದವಾಯಿತು. ಮುಂದಿನ ವಾರದಿಂದ ಬರುತ್ತಾನೆ. ಚಿಕವೀರನಿಂದ ಶುರು, ಅಂಚಿನ "ಪಾಪ, ರಾಣಿ!" ಸಮೇತ.

13 ಜುಲೈ, ಭಾನುವಾರ

ಬೆಂಗಳೂರಿನಿಂದ ಸಂಗ್ರಾಹಕರೊಬ್ಬರ ಫೋನು. ಬೈಂಡರ್ ಬಾಯಿಂದ ಸುದ್ದಿ ಹೋಗಿದೆ. ರೂಪದರ್ಶಿಗೆ ಅವರು ಹೇಳಿದ ಮೊತ್ತ ಕೇಳಿ ನಾನು ಕುರ್ಚಿ ಎಳೆದುಕೊಂಡು ಕುಳಿತೆ. ನನ್ನ ಎರಡು ತಿಂಗಳ ಸಂಬಳ.

"ಹೊದಿಕೆ ಇದೆಯಾ?"

"ಇದೆ."

"ಒಂದು ಫಾರ್ಮು ಬಿಡಿಸಿಲ್ಲ ಅಂತ ಕೇಳಿದೆ?"

"ಇತ್ತು. ಮನೆಯವರು ಬಿಡಿಸಿ ಓದಿದರು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೊತ್ತ ಅರ್ಧಕ್ಕೆ ಇಳಿಯಿತು. ಮಾರುವುದಿಲ್ಲ ಸ್ವಾಮಿ ಎಂದೆ, ಅರ್ಧಕ್ಕೂ ಇಲ್ಲ, ಪೂರ್ತಿಗೂ ಇಲ್ಲ. ನಿಮ್ಮ ಹತ್ತಿರ ಅ.ನ.ಕೃ. ಅವರ ಸಂಧ್ಯಾರಾಗ, 1935ರದ್ದು, ಇದ್ದರೆ ಹೇಳಿ, ರೂಪದರ್ಶಿ ಕೊಟ್ಟು ತೆಗೆದುಕೊಳ್ಳುತ್ತೇನೆ.

"ಅದು ಇದ್ದಿದ್ದರೆ ನಿಮಗ್ಯಾಕೆ ಫೋನು ಮಾಡ್ತಿದ್ದೆ" ಎಂದು ನಕ್ಕುಬಿಟ್ಟರು. ಸಿಕ್ಕಿದವರು ಇನ್ನೊಬ್ಬರಿಗೆ ಮೊದಲು ತಿಳಿಸಬೇಕು ಎಂದು ಇಬ್ಬರೂ ಮಾತು ಕೊಟ್ಟುಕೊಂಡೆವು. ನಾನಂತೂ ತಿಳಿಸುವುದಿಲ್ಲ. ಅವರೂ ತಿಳಿಸಲಿಕ್ಕಿಲ್ಲ.